ಮಾಮಾನ ಮುಖದ ಮೇಲೆ ಕುಳಿತ ಹೀರೊ

ಅಕ್ಕನ ಗಂಡನನ್ನು ನಾವು ಮಾಮಾ ಎಂದೇ ಕರೆಯುವುದು. ಹಿರೇಕೆರೂರಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ, ಅಕ್ಕಿ ಬೀಸಿಕೊಡುತ್ತಾರೆ. ಇಷ್ಟೇ ಆಗಿದ್ದರೆ ಅವರೂ ಸುಖವಾಗಿರುತ್ತಿದ್ದರು, ನಾವೂ ಸುಖವಾಗಿರುತ್ತಿದ್ದೆವು. ಆದರೆ ಅವರ ಮುಖ ಒಬ್ಬ ದೊಡ್ಡ ಸಿನಿಮಾ ನಟನ ಮುಖವನ್ನು ಹೋಲುತ್ತಿತ್ತು. ತುಸು ಹೋಲುತ್ತಿತ್ತು ಎಂದಲ್ಲ. ನಾನು ಶಿಕ್ಷಕಿಯಾಗಿರುವ ಹಾನಗಲ್ಲಿಗೆ ಅವರು ಬಂದಾಗ, ಬಸ್ ನಿಲ್ದಾಣದ ಕಬ್ಬಿನ ಹಾಲಿನವನು ಯಂತ್ರ ನಿಲ್ಲಿಸಿ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಆ ನಟನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ಅಭಿಮಾನಿಗಳು ಸಿಟ್ಟಾಗಬಾರದು. ಇಷ್ಟು ವರ್ಷ ಬಾಡಿಗೆ ಕೊಡದೆ ನಮ್ಮ ಅಕ್ಕನ ಮನೆಯಲ್ಲೇ ಇದ್ದವನಿಗೆ ಬಹುವಚನ ಯಾಕೆ ಬೇಕು?

ಅವನ ವೃತ್ತಿಜೀವನದ ಬಗ್ಗೆ ಪತ್ರಿಕೆಯವರು ಏನೇನೋ ಬರೆದಿದ್ದಾರೆ. ನಾನು ಅದನ್ನು ಮಾಮಾನ ಮೈಮೇಲೆ ನೋಡಿದವಳು. ಅವನು ಮೊದಲ ಸಿನಿಮಾದಲ್ಲಿ ಕಾಲೇಜು ಹುಡುಗನಾದಾಗ ಮಾಮಾ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟರು. ಅವನು ಪೊಲೀಸನಾದ, ಮಾಮಾನ ಮೀಸೆ ಮೇಲಕ್ಕೆ ತಿರುಗಿತು. ಅವನು ರೈತನಾದ ವರ್ಷವಂತೂ ನಾಡಿನ ತುಂಬ ಅವನಿಗೆ ಹಸಿರು ಶಾಲು ಹೊದಿಸಿದ್ದೇ ಹೊದಿಸಿದ್ದು. ಮಾಮಾನ ಅಪ್ಪ ಅಬಲೂರಿನಲ್ಲಿ ಮಳೆ ನಂಬಿ ಹೊಲ ಮಾಡಿದವರು, ಅವರಿಗೆ ಯಾರೂ ಒಂದು ಟವೆಲ್ ಹೊದಿಸಲಿಲ್ಲ. ಮಗ ಮಾತ್ರ ಒಂದು ಹೊಸ ಹಸಿರು ಶಾಲು ಕೊಂಡು ತಂದು ಹೊದ್ದುಕೊಂಡು ಗಿರಣಿಯಲ್ಲಿ ಕುಳಿತರು. ಸಿನಿಮಾದಲ್ಲಿ ಅವನು ಬಿತ್ತಲು ಕೂರಿಗೆ ಹೊಡೆಯುವಾಗ ಬೀಜ ಹಾಕುವ ಬಟ್ಟಲೇ ಖಾಲಿ ಇತ್ತು. ಅಬಲೂರಿನ ಮಂದಿ ಅದನ್ನು ಕಂಡು ನಕ್ಕರು, ಮರುಕ್ಷಣ ಸಿಳ್ಳೆಯನ್ನೂ ಹೊಡೆದರು.

ಆಮೇಲೆ ಅವನು ರಾಜಕೀಯಕ್ಕೆ ಹೋದ. ಮಾಮಾ ಬಿಳಿ ಅಂಗಿ ಹೊಲಿಸಿದರು, ಅದೂ ಹಿಟ್ಟಿನ ಗಿರಣಿಯವರು. ಅವನು ಸೋತು, ಕಲಾಸೇವೆಯೇ ತನ್ನ ಉಸಿರು ಎಂದು ಮರಳಿದ. ಮಾಮಾನ ಬಣ್ಣದ ಅಂಗಿಗಳು ಟ್ರಂಕಿನಿಂದ ಹೊರಗೆ ಬಂದವು. ಅವನು ಹೆಂಡತಿಯನ್ನು ಬಿಟ್ಟ ಸುದ್ದಿ ಟೀವಿಯಲ್ಲಿ ಬಂದ ವಾರ ಮಾತ್ರ ಅಕ್ಕ ಗಂಡನನ್ನು ಗಿರಣಿಯಿಂದ ಕದಲಗೊಡಲಿಲ್ಲ. ಮೂರು ಹೊತ್ತೂ ಊಟ ಅಲ್ಲಿಗೇ ಒಯ್ದಳು.

ಗಣಪತಿ ಹಬ್ಬ ಬಂತೆಂದರೆ ಸವಣೂರಿನ ಆರ್ಕೆಸ್ಟ್ರಾದವರು ಮಾಮಾನನ್ನು ಕರೆದೊಯ್ಯುತ್ತಿದ್ದರು. ಬ್ಯಾನರಿನಲ್ಲಿ ನಟನ ಹೆಸರು, ಅದರ ಹಿಂದೆ ಸಣ್ಣಗೆ ‘ಜೂನಿಯರ್’. ಕಪ್ಪು ಕನ್ನಡಕ ಹಾಕಿ, ಗಂಟಲನ್ನು ಗರಗರ ಮಾಡಿ ಮಾಮಾ ಡೈಲಾಗ್ ಹೊಡೆದರೆ ಚಪ್ಪಾಳೆ. ಆ ದನಿ ಹಬ್ಬ ಮುಗಿದ ಮೇಲೂ ಹೋಗಲಿಲ್ಲ. ರೊಟ್ಟಿ ಕೇಳುವುದೂ ಅದೇ ದನಿಯಲ್ಲಿ, ಖಳನಾಯಕನಿಗೆ ಸವಾಲು ಹಾಕಿದಂತೆ.

“ನಿಮ್ಮ ಮಾಮಾ ಹೆಂಗ ಮಾತಾಡ್ತಿದ್ರು ಅನ್ನೂದ ಮರ್ತ್‌ಹೋಗೇತಿ ನನಗ,” ಎಂದು ಅಕ್ಕ ಒಮ್ಮೆ ಹೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಬಿ.ಎಡ್. ಮುಗಿಸಿ ಊರಿನ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಶಿಗ್ಗಾಂವಿಯಿಂದ ಒಂದು ಸಂಬಂಧ ಬಂತು. ಫೋಟೋದಲ್ಲಿ ಹುಡುಗ ಅವಳಿಗೂ ಹಿಡಿಸಿದ್ದ. ಆದರೆ ಅವನನ್ನು ಒಂದೇ ಮಾತು ಕೇಳಬೇಕಿತ್ತು: ಮದುವೆಯಾದ ಮೇಲೂ ನಾನು ಕಲಿಸುತ್ತೇನೆ, ನಿಮ್ಮ ಮನೆಯಲ್ಲಿ ಒಪ್ಪುತ್ತೀರಾ? ನೋಡಲು ಬಂದಾಗ ಎಲ್ಲರ ಎದುರೇ ಕೇಳುತ್ತೇನೆ ಎಂದು ನನಗೆ ಮೊದಲೇ ಫೋನು ಮಾಡಿ ಹೇಳಿದ್ದಳು. ನಾನು ಹೆಮ್ಮೆಪಟ್ಟೆ.

ಅವರು ಬಂದರು. ಕನ್ಯೆ ನೋಡಲು ಬಂದವರು ಹುಡುಗಿಯನ್ನು ಜಮಖಾನೆಯ ಮೇಲೆ ಕೂರಿಸಿ ಹೆಸರು, ಓದು, ಅಡುಗೆ ಕೇಳುವುದು ನಮ್ಮ ಕಡೆಯ ರೂಢಿ. ಆ ರೂಢಿಯ ಮೇಲೆ ನನಗೆ ಯಾವತ್ತೂ ಸಿಟ್ಟೇ. ಅವತ್ತು ಮಾತ್ರ, ಅದಾದರೂ ನಡೆಯಬಾರದಿತ್ತೆ ಅನ್ನಿಸಿತು. ಹುಡುಗನ ತಾಯಿ ಹೊಸ್ತಿಲು ದಾಟುತ್ತಲೇ ಮಾಮಾನ ಎದುರು ನಿಂತುಬಿಟ್ಟರು.

“ಅಯ್ಯ ನಮ್ಮವ್ವ! ಥೇಟ್ ಅವ್ರ ಅದಾರಲ್ರಿ! ಬೀಗರ, ಒಂದ್ ಡೈಲಾಗ್ ಹೇಳ್ರಲ್ಲ.”

ಮಾಮಾ ಬೇಡ ಎನ್ನಲಿಲ್ಲ. ಒಂದು ಹೇಳಿದರು, ಆಮೇಲೆ ಇನ್ನೊಂದು. ಹುಡುಗ ಫೋನು ಹಿಡಿದು ಗೆಳೆಯರಿಗೆ ಲೈವ್ ವಿಡಿಯೊ ತೋರಿಸಿದ. ಚಿಕ್ಕಪ್ಪ ಎಂದುಕೊಂಡು ಬಂದವರು ಭುಜದ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಹುಡುಗಿ ಚಹಾದ ತಾಟು ಹಿಡಿದು ಬಂದಳು, ಕೊಟ್ಟಳು, ಕುಳಿತಳು. ಎರಡು ಸಲ ಬಾಯಿ ತೆರೆದಳು. ಎರಡೂ ಸಲ ಯಾರೋ “ಶ್, ಸುಮ್ನಿರ್ರಿ, ರೆಕಾರ್ಡ್ ಆಗಾಕತ್ತೇತಿ” ಎಂದರು. ಬಂದವರು ಸವಣೂರು ಎಲೆಯ ವೀಳ್ಯ ಹಾಕಿಕೊಂಡು ಎದ್ದರು. “ಸಂಬಂಧ ಪಕ್ಕಾ. ಆದ್ರ ಮದವಿ ದಿನಾ ನೀವು ತೆರೆದ ಜೀಪಿನ್ಯಾಗ, ಕನ್ನಡಕ ಹಾಕ್ಕೊಂಡ ಬರಬೇಕ್ರಿ,” ಎಂದರು. ಮಾಮಾ ಗರಗರ ದನಿಯಲ್ಲಿ ಮಾತು ಕೊಟ್ಟರು.

ಇದಾದ ಸ್ವಲ್ಪ ದಿನಕ್ಕೆ ನಟನ ಹೊಸ ಸಿನಿಮಾದ ಪೋಸ್ಟರ್ ಬಂತು. ಅವನು ವಿದೇಶಕ್ಕೆ ಹೋಗಿ ಮುಖವನ್ನೇ ರಿಪೇರಿ ಮಾಡಿಸಿಕೊಂಡಿದ್ದ. ತಲೆ ತುಂಬ ಕೂದಲು, ಗದ್ದ ಚೂಪು, ಕೆನ್ನೆಯಲ್ಲಿ ಒಂದು ಗೆರೆಯಿಲ್ಲ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರಿದ್ದ. ನಾಡೆಲ್ಲ ಕೊಂಡಾಡಿತು. ಇಲ್ಲಿ ನಮ್ಮ ಮಾಮಾ ಒಂದೇ ದಿನಕ್ಕೆ ಹೊಟ್ಟೆ ಬಂದ, ಅರ್ಧ ಬೋಳಾದ ಗಿರಣಿಯವರಾಗಿಬಿಟ್ಟರು. ಆರ್ಕೆಸ್ಟ್ರಾದವರು ಆ ವರ್ಷ ಬೇರೆ ಯಾರನ್ನೋ ಹುಡುಕಿಕೊಂಡರು. ಶಿಗ್ಗಾಂವಿಯಿಂದಲೂ ಫೋನು ಬಂತು.

“ಬೀಗರ, ಈಗ ನೀವು ಹೋಲೂದಿಲ್ಲಲ್ರಿ. ಜೀಪಿನ ಸುದ್ದಿ ಮಂದಿಗೆಲ್ಲ ಹೇಳಿ ಕುಂತೇವಿ. ಸ್ವಲ್ಪ ವಿಚಾರ ಮಾಡಿ ತಿಳಸ್ತೇವ್ರಿ.”

ಆ ಭಾನುವಾರ ನಾನು ಅಲ್ಲಿಗೆ ಹೋದಾಗ ಮಾಮಾ ಕೈಚೀಲ ಹಿಡಿದು ಬಾಗಿಲಲ್ಲಿದ್ದರು. ಹುಬ್ಬಳ್ಳಿಗೆ ಹೊರಟಿದ್ದರು, ಕೂದಲು ನೆಡುವ ಆಸ್ಪತ್ರೆಗೆ. ಅಕ್ಕ ಗೋಡೆಗೆ ಒರಗಿ ಅಳುತ್ತಿದ್ದಳು. ಮಗಳು ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

“ನಿನ್ನ ಸಲುವಾಗಿನ ಹೊಂಟೇನಿ, ದಾರಿ ಬಿಡವ್ವಾ,” ಎಂದರು ಮಾಮಾ, ಅದೇ ಹೀರೊನ ದನಿಯಲ್ಲಿ.

“ನನ್ನ ಸಲುವಾಗಿ ಬ್ಯಾಡಪಾ. ಅವತ್ತ ನನ್ನ ನೋಡಾಕಂತ ಬಂದವ್ರು ಯಾರೂ ನನ್ನ ನೋಡ್ಲಿಲ್ಲ. ನಾ ಮಾತಾಡಾಕ ಬಾಯಿ ತೆರದೆ, ಯಾರೂ ಕೇಳ್ಲಿಲ್ಲ. ಹೋಗ್ಲಿ, ಅವ್ರು ಹೊರಗಿನವ್ರು. ನೀನರ ನೋಡಿದ್ಯಾ?”

ಆ ನಟನಿಗಾಗಿದ್ದರೆ ಇಲ್ಲಿ ಎರಡು ಪುಟದ ಸಂಭಾಷಣೆ ಬರೆದುಕೊಡುತ್ತಿದ್ದರು, ಹಿಂದೆ ಪಿಟೀಲು ಬಾರಿಸುತ್ತಿದ್ದರು. ಮಾಮಾನಿಗೆ ಅಷ್ಟೊಂದು ಡೈಲಾಗ್ ಬಾಯಿಪಾಠ ಇದ್ದವು, ಒಂದೂ ಬರಲಿಲ್ಲ. ಕೈಚೀಲ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಮಾತಾಡಿದರು, ಸಣ್ಣ, ತುಸು ಕೀರಲು ದನಿಯಲ್ಲಿ. ಅಕ್ಕ ಅಳು ನಿಲ್ಲಿಸಿ ತಲೆ ಎತ್ತಿ ನೋಡಿದಳು.

“ಇಲ್ಲವ್ವಾ. ಎಲ್ಲಾರೂ ನನ್ನ ನೋಡಾಕತ್ತಿದ್ರು. ನಾನೂ ನನ್ನ ನೋಡ್ಕೋತ ಕುಂತಿದ್ದೆ.”