ಹಲ್ಲಿಯ ಪಕ್ಕದ ಆರನೆಯ ದೀಪ

ಜೂನ್ ಮೊದಲ ಸೋಮವಾರ ಬೆಳಗಿನ ಐದು ಗಂಟೆಗೆ ನನ್ನ ಗೆಳೆಯ ಅಬ್ದುಲ್ ಸಲಾಂ ಎದೆನೋವಿನಿಂದ ತೀರಿಕೊಂಡ. ಐವತ್ತೊಂಬತ್ತು ವರ್ಷ. ಅದೇ ದಿನ ಹನ್ನೊಂದಕ್ಕೆ, ಅವನು ಬಣ್ಣ ಹೊಡೆದ ಲತೇಶನ ಶಾಲಾ ವ್ಯಾನು ಬಂಟ್ವಾಳದ ಆರ್‌ಟಿಒ ತಪಾಸಣೆಯಲ್ಲಿ ಎಫ್.ಸಿ. ಪಾಸಾಯಿತು. ಬಣ್ಣ ಒಳ್ಳೆಯದುಂಟು ಎಂದು ಇನ್ಸ್‌ಪೆಕ್ಟರು ಹೇಳಿದರಂತೆ. ಅದನ್ನು ಹೇಳಬೇಕಾದವನಿಗೆ ಹೇಳಲಾಗದೆ ಲತೇಶ ನನಗೆ ಹೇಳಿದ.

ಸಲಾಂ ಮತ್ತು ನಾನು ವಿಟ್ಲದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಮಾಸ್ತರನಾದೆ. ಅವನು ಸೌದಿಯ ದಮ್ಮಾಮಿಗೆ ಹೋಗಿ ಕಾರುಗಳಿಗೆ ಬಣ್ಣ ಹೊಡೆದ. ಹನ್ನೊಂದು ವರ್ಷದ ನಂತರ ಬರುವಾಗ ಎಲ್ಲರಂತೆ ಚಿನ್ನ ತರಲಿಲ್ಲ. ಬಣ್ಣ ಒಣಗಿಸುವ ಒಂದು ಹ್ಯಾಲೋಜನ್ ದೀಪ, ಅದಕ್ಕೆ ಒಂದೊಂದಾಗಿ ಹಾಕುವ ಆರು ಗಾಜಿನ ಕೊಳವೆ ತಂದ. ಒಂದೊಂದೂ ಗೇಣುದ್ದ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಇದೇನೆಂದು ಕೇಳಿದ್ದಕ್ಕೆ, “ಮಳೆಗಾಲದ ಬಿಸಿಲು ಸರ್” ಎಂದಿದ್ದನಂತೆ. ಅವರು ಒಂದು ಗಂಟೆ ಕೂರಿಸಿದರು.

ಸುಳ್ಳೇನೂ ಹೇಳಿರಲಿಲ್ಲ. ಸ್ವಿಚ್ಚು ಹಾಕಿದರೆ ಕ್ಷಣದಲ್ಲಿ ಕೆಂಡವಾಗುವ ಆ ದೀಪ ಗಾಳಿಯನ್ನು ಬಿಟ್ಟು ಎದುರಿಗಿದ್ದ ತಗಡನ್ನೇ ಕಾಯಿಸುತ್ತಿತ್ತು. ಜುಲೈ ತಿಂಗಳಲ್ಲಿ ಎರಡು ದಿನವಾದರೂ ಅಂಟುವ ಬಣ್ಣ ಅದರೆದುರು ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಆದರೆ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಎಣ್ಣೆ ಗಾಜಿನಲ್ಲಿ ಸುಟ್ಟು ಬಿಳಿ ಕಲೆಯಾಗುತ್ತದೆ, ಕಲೆಯಾದಲ್ಲೇ ಒಡೆಯುತ್ತದೆ. ತಲೆಗೆ ತೆಂಗಿನೆಣ್ಣೆ, ಚಹಾಕ್ಕೆ ಎಣ್ಣೆಯಲ್ಲಿ ಕರಿದ ಗೋಳಿಬಜೆ ಇಲ್ಲದೆ ದಿನ ಕಳೆಯದ ನಮ್ಮೂರಿಗೆ ಇಂಥ ದೀಪ ತಂದದ್ದೇ ತಪ್ಪು.

ಅವನ ಗ್ಯಾರೇಜಿನ ಬಾಗಿಲಲ್ಲಿ ಹತ್ತಿ, ಸ್ಪಿರಿಟ್ ಇಟ್ಟಿರುತ್ತಿದ್ದ. ಕೈ ಒರೆಸಿ, ಹಿಂದೂ ಮುಂದೂ ತೋರಿಸಿ ಒಳಗೆ ಬರಬೇಕು. ಇಷ್ಟಾದರೂ ಒಡೆದ ಕೊಳವೆಗಳನ್ನು ಅವನು ಎಸೆಯುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಕಲೆ ನೋಡಿ, ಬಣ್ಣದವರ ಕಾಗದದ ಟೇಪಿನಲ್ಲಿ ಅಪರಾಧಿಯ ಹೆಸರು ಬರೆದು ಅಂಟಿಸಿ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದ. ಮೊದಲನೆಯದು ‘ರುಕ್ಮಯ್ಯ, ಎಲೆಕ್ಟ್ರಿಷಿಯನ್’. ತನಗೆ ಎಲ್ಲ ಗೊತ್ತುಂಟು ಎಂದು ಮುಟ್ಟಿದವರು. ಎರಡನೆಯದು ‘ಚಿದಾನಂದ’, ಅಂದರೆ ನಾನು. ಗಾಜಿನ ಮೇಲೆ ಸಣ್ಣ ಅಕ್ಷರ ಕಂಡಿತು, ಎತ್ತಿ ಓದಿದೆ.

“ಓದುವ ಚಟ ಇದ್ದವನನ್ನು ಒಳಗೆ ಬಿಡಬಾರದಿತ್ತು ಮಾರಾಯ” ಎಂದ ಸಲಾಂ.

ಮೂರನೆಯದು ‘ಪಾತುಮ್ಮ’. ಅವನ ಹೆಂಡತಿ ಹಲಸಿನ ಹಪ್ಪಳ ಒಣಗಿಸಲು ಹೋಗಿ ಎರಡು ನಿಮಿಷದಲ್ಲಿ ಇದ್ದಿಲು ಮಾಡಿದ್ದರು. ನಾಲ್ಕನೆಯದು ‘ಲತೇಶ’. ಐದನೆಯದು ‘ಹಲ್ಲಿ’. ನಾಲ್ಕು ಕಾಲಿನ ಗುರುತೂ ಸ್ಪಷ್ಟವಾಗಿತ್ತಂತೆ.

ಉಳಿದದ್ದು ಒಂದೇ. ಮಂಗಳೂರಿನಲ್ಲಿ ಅಂಥ ಗಿಡ್ಡ ಕೊಳವೆ ಸಿಗಲಿಲ್ಲ. ಬೆಂಗಳೂರಿನಿಂದ ತರಿಸಿದ್ದು ಬೆರಳುದ್ದ ಹೆಚ್ಚಿತ್ತು. ಆರನೆಯದನ್ನು ಕಾಲುಚೀಲದಲ್ಲಿ ಸುತ್ತಿ ಬಿಸ್ಕೆಟಿನ ಡಬ್ಬಿಯಲ್ಲಿ ಇಟ್ಟಿದ್ದ.

ಅದನ್ನು ತೆಗೆದದ್ದು ಅವನು ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಊಟದ ನಂತರ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸೋಮವಾರ ಎಫ್.ಸಿ. ಆಗದಿದ್ದರೆ ಶಾಲೆಯವರು ಲತೇಶನ ರೂಟನ್ನು ಬೇರೆಯವರಿಗೆ ಕೊಡುವವರಿದ್ದರು. ವ್ಯಾನಿನ ಉಳಿದ ಭಾಗ ಹೇಗೋ ಒಣಗಿತ್ತು. ಹಿಂದಿನ ಬಾಗಿಲಿನ ಹಳದಿ ಮಾತ್ರ ಪಾಯಸದಂತಿತ್ತು. ಲತೇಶ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಮೂಲೆಯಲ್ಲಿ ನಿಂತಿದ್ದ. ನನ್ನನ್ನು ಮೂರು ಸಲ ಒರೆಸಿ ಸಲಾಂ ಸ್ಪಿರಿಟ್ ಖಾಲಿ ಮಾಡಿದ್ದ.

ಕೊಳವೆಯ ತುದಿಯ ಸ್ಕ್ರೂ ತೀರಾ ಸಣ್ಣದು. ಅದನ್ನು ತಿರುಗಿಸಲೆಂದು ಬಲಗೈಯ ಗ್ಲೌಸ್ ತೆಗೆದ. ಕೊಳವೆ ಜಾರಿತು. ನೆಲಕ್ಕೆ ಬೀಳುವ ಮೊದಲೇ ಹಿಡಿದ, ಬರಿಗೈಯಲ್ಲಿ. ಪಾತುಮ್ಮ ಕರಿದು ಕೊಟ್ಟ ಬಂಗುಡೆ ಮೀನನ್ನು ಅದೇ ಕೈಯಲ್ಲಿ ತಿಂದು ಹದಿನೈದು ನಿಮಿಷವಾಗಿತ್ತು.

ಲತೇಶನೂ ನಾನೂ ಅವನ ಕೈಯನ್ನೇ ನೋಡಿದೆವು. ಸೋಪು ಹಾಕಿ ಕೈ ತೊಳೆದಿದ್ದೇನೆ ಎಂದು ಅವನೇ ಹೇಳಿದ. ಬನಿಯನ್ನಿನ ಅಂಚಿನಿಂದ ಕೊಳವೆಯನ್ನು ಒರೆಸಿದ.

“ಅಷ್ಟು ಒರೆಸಿದ್ರೆ ಸಾಕಾ ಕಾಕ?” ಲತೇಶ ಮೆಲ್ಲಗೆ ಕೇಳಿದ.

“ಸಾಕಾಗದಿದ್ರೆ ಅದೇ ಹೇಳ್ತದೆ. ನೀನು ಕೈ ಕಟ್ಟಿ ನಿಲ್ಲು.”

ದೀಪ ಹೊತ್ತಿತು. ಅರ್ಧ ಗಂಟೆ ಬೇಕಿತ್ತು. ನಾನು ಗಡಿಯಾರ ನೋಡುತ್ತಿದ್ದೆ, ಲತೇಶ ಬಾಗಿಲು ನೋಡುತ್ತಿದ್ದ, ಸಲಾಂ ಕೊಳವೆಯಲ್ಲಿ ತಾನು ಹಿಡಿದ ಜಾಗವನ್ನೇ ನೋಡುತ್ತಿದ್ದ. ಇಪ್ಪತ್ತಾರನೆಯ ನಿಮಿಷಕ್ಕೆ ಟಪ್ ಎಂದಿತು. ಗ್ಯಾರೇಜು ಮಬ್ಬಾಯಿತು.

ಸಲಾಂ ಬಾಗಿಲಿನ ಕೆಳಗಿನ ಮೂಲೆಗೆ ಹೆಬ್ಬೆರಳು ಒತ್ತಿದ. ತೆಗೆದ. ಬಣ್ಣದಲ್ಲಿ ಗುರುತೇ ಬೀಳಲಿಲ್ಲ.

“ತಕೊಂಡು ಹೋಗು. ನಾಳೆ ಬೇಗ ಹೊರಡು. ಇನ್ಸ್‌ಪೆಕ್ಟರು ಕೇಳಿದ್ರೆ ಬಿಸಿಲಲ್ಲಿ ಒಣಗಿಸಿದ್ದು ಅಂತ ಹೇಳು.”

ಲತೇಶ ಹೋಗಲಿಲ್ಲ. ಒಂಬತ್ತು ವರ್ಷದಿಂದ ಹಲಗೆಯ ಮೇಲೆ ಹೆಸರಾಗಿ ಕೂತವನು. “ಕಾಕ, ಇದು ಯಾರದ್ದಂತ ಒಮ್ಮೆ ನೋಡುವ” ಎಂದ.

“ಹಲ್ಲಿಯದ್ದು ಇರಬೇಕು” ಎಂದೆ ನಾನು.

ಸಲಾಂ ಕೊಳವೆ ತಣಿಯುವವರೆಗೆ ಕಾದ. ಭೂತಗನ್ನಡಿ ತಂದು ಕಿಟಕಿಯ ಬೆಳಕಿಗೆ ಹಿಡಿದ. ನಮಗೆ ಮಾಡಿದಷ್ಟೇ ಹೊತ್ತು, ಅಷ್ಟೇ ಗಂಭೀರವಾಗಿ ಪರೀಕ್ಷೆ ಮಾಡಿದ. ಆಮೇಲೆ ಟೇಪು ಹರಿದು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದು, ದೊಡ್ಡ ಅಕ್ಷರದಲ್ಲಿ ‘ಅಬ್ದುಲ್ ಸಲಾಂ’ ಎಂದು ಬರೆದ. ಅಂಟಿಸಿ, ಹಲ್ಲಿಯನ್ನು ಸ್ವಲ್ಪ ಆಚೆ ಸರಿಸಿ, ಅದರ ಪಕ್ಕದಲ್ಲಿ ಇಟ್ಟ.