ಕಾಣದ ಚೌಕ

ಈ ವಾರವಿಡೀ ಫ್ಲೆಕ್ಸ್ ಸುರುಳಿ ಬಿಚ್ಚಿದಾಗಲೆಲ್ಲ ಹಸಿ ಇಂಕಿನ ವಾಸನೆಗೆ ಪೇಂಟ್ರಣ್ಣ ನೆನಪಾಗುತ್ತಿದ್ದಾರೆ. ನೆನಪಾಗದಿದ್ದರೇ ಚೆನ್ನಾಗಿತ್ತು.

ಹ್ಯಾಂಡ್‌ಪೋಸ್ಟ್ ಊರಿನ ಈ ಬ್ಯಾನರ್ ಅಂಗಡಿಗೆ ನಾನು ಕೆಲಸಕ್ಕೆ ಸೇರಿದಾಗ ಅವರು ಆಗಲೇ ಇಲ್ಲಿದ್ದರು. ಗೋಡೆಗೆ, ಬೋರ್ಡಿಗೆ ಅಕ್ಷರ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ಮೌಸ್ ಹಿಡಿದರು. ನಾನೋ ಡಿಪ್ಲೊಮಾ ಮಾಡಿದವಳು. ಅಂಗಡಿಯ ಯಜಮಾನರು ಮಾತೆತ್ತಿದರೆ ಪೇಂಟ್ರಣ್ಣನ್ನ ನೋಡಿ ಕಲಿ ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರಿಗೊಂದು ರೂಢಿ ಇತ್ತು. ಯಾವ ಡಿಸೈನ್ ಮಾಡಿದರೂ ಮೊದಲು ಬ್ಯಾನರಿನ ಪೂರ್ತಿ ಅಳತೆಗೆ ಒಂದು ಚೌಕ ಹಾಕುತ್ತಿದ್ದರು. ಅದಕ್ಕೆ ಬಣ್ಣವಿಲ್ಲ, ಗೆರೆಯಿಲ್ಲ, ಕಣ್ಣಿಗೆ ಕಾಣುವುದೇ ಇಲ್ಲ. ಪ್ರಿಂಟಿಗೆ ಕಳಿಸುವ ಫೈಲಾಗಿ ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರದ ಸುತ್ತಲಿನ ಖಾಲಿ ಜಾಗ ಕತ್ತರಿಸಿ ಹೋಗದಿರಲಿ ಎಂದು. ಗೋಡೆಗೆ ದಾರ ಹಿಡಿದು ಅಳೆಯುತ್ತಿದ್ದ ಕೈ ತಾನೆ... ಕಾಣದ್ದಕ್ಕೆ ಯಾಕಿಷ್ಟು ಮರ್ಯಾದೆ ಎಂದು ನಾನು ಎದುರಿಗೇ ನಗುತ್ತಿದ್ದೆ.

ಅವರ ಹೆಂಡತಿ ತೀರಿಕೊಂಡರು. ಮನೆಯಲ್ಲಿ ಒಂದೂ ನೆಟ್ಟಗಿನ ಫೋಟೋ ಇರಲಿಲ್ಲ. ಎರಡು ದಿನ ಕೂತು ಆಕೆಯ ಮುಖವನ್ನು ಒಂದೊಂದೇ ಗೆರೆ ಎಳೆದು ಮೌಸಿನಲ್ಲೇ ಬರೆದರು. ಆರಡಿ ಅಗಲ, ನಾಲ್ಕಡಿ ಎತ್ತರದ ಬ್ಯಾನರ್. ನಡುವೆ ಮುಖ, ಕೆಳಗೆ ಹೆಸರು, ಎರಡೂ ಪಕ್ಕ ಬರೀ ಬಿಳಿ. ಯಜಮಾನರು ನೋಡಿ ಕಣ್ಣೊರೆಸಿಕೊಂಡರು. ಫೈಲನ್ನು ಪ್ರಿಂಟಿಗೆ ಮೈಸೂರಿಗೆ ಕಳಿಸು ಎಂದು ನನಗೆ ಹೇಳಿ ಪೇಂಟ್ರಣ್ಣ ತಿಥಿಯ ಸಾಮಾನು ತರಲು ಹೋದರು. ನಾನು ಆ ಚೌಕ ಅಳಿಸಿ ಕಳಿಸಿದೆ. ಮರೆತಲ್ಲ, ಬೇಕೆಂತಲೇ. ಬಿಳಿ ಜಾಗ ಸ್ವಲ್ಪ ಕಮ್ಮಿ ಬರಲಿ, ಯಜಮಾನರು ಅವರಿಗೂ ಒಂದು ಮಾತು ಅನ್ನಲಿ, ಅಷ್ಟೇ ಅಂದುಕೊಂಡಿದ್ದೆ.

ಪ್ರಿಂಟಿನವರು, ಪಕ್ಕದ ಬಿಳಿಯೆಲ್ಲ ಕತ್ತರಿಸಿ ಕಿರಿದಾಗಿ ಹೋದ ಚಿತ್ರವನ್ನು ಆರಡಿಗೆ ಎಳೆದು ಕೂರಿಸಿದ್ದರು. ತಿಥಿಯ ಬೆಳಿಗ್ಗೆ ಅಂಗಡಿಯಲ್ಲಿ ಬಿಚ್ಚಿದರೆ ಆಕೆಯ ಮುಖ ಕುಂಬಳಕಾಯಿಯ ಹಾಗೆ ಅಗಲವಾಗಿತ್ತು. ಪೇಂಟ್ರಣ್ಣನ ಜೊತೆಗೆ ಬಂದಿದ್ದ ನೆಂಟರೊಬ್ಬರು ಕಿಸಕ್ಕನೆ ನಕ್ಕರು.

"ಅವ್ಳು ಸಣ್ಣಕಿದ್ಲು ಕಣವ್ವ," ಅಂದರು ಪೇಂಟ್ರಣ್ಣ. "ಚೌಕ ಹಾಕಿದ್ನಲ್ಲ ನಾನು?"

"ಇರ್ಲಿಲ್ಲ ಕಣಣ್ಣ," ಅಂದೆ.

ನಂಬಿದರು. ಬೇರೆ ಮಾಡಿಸಲು ಹೊತ್ತಿರಲಿಲ್ಲ, ಅದನ್ನೇ ಕಟ್ಟಿದರು. ಮುಂದಿನ ವಾರ ಯಜಮಾನರು, ನಿಮಗೆ ಕಣ್ಣು ಮಂಜಾಗಿದೆ ಎಂದು ಅವರ ಕಂಪ್ಯೂಟರನ್ನು ನನಗೆ ಕೊಟ್ಟು, ಅವರನ್ನು ಮರದ ಫ್ರೇಮಿಗೆ ಮೊಳೆ ಹೊಡೆಯಲು ಹಚ್ಚಿದರು. ಕೆಲವು ತಿಂಗಳು ಹೊಡೆದರು. ಆಮೇಲೆ ಬರುವುದನ್ನೇ ಬಿಟ್ಟರು... ನಾನೂ ವಿಚಾರಿಸಲಿಲ್ಲ. ನನಗೆ ಸಂಬಳ ಜಾಸ್ತಿಯಾಗಿತ್ತು.

ಸೋಮವಾರ ಅವರ ಮಗಳು ಬಂದಿದ್ದಳು. ಅಪ್ಪ ಹೋಗಿ ಆರು ದಿನವಾಯಿತು, ತಿಥಿಗೆ ಬ್ಯಾನರ್ ಬೇಕು ಅಂದಳು.

"'ನಿಮ್ಮವ್ವನ ಮೊಕವ ನಾನೇ ಕೆಡುಸ್ಬುಟ್ಟೆ' ಅಂತ ಅಪ್ಪ ಸಾಯೋಗಂಟ ಕೊರಗ್ತಿದ್ರು ಕಣಕ್ಕ. 'ನನ್ ಬ್ಯಾನರ್ನ ಅಂಗ್ಡಿ ಆ ಹುಡ್ಗಿ ಕೈಲೇ ಮಾಡ್ಸಿ, ಅವ್ಳು ತಪ್ಪು ಮಾಡಾಕಿಲ್ಲ' ಅಂದಿದ್ರು."

ಹೇಳಿಬಿಡಬಹುದಿತ್ತು. ಕೇಳಬೇಕಾದವರೇ ಇಲ್ಲವಲ್ಲ, ಇವಳಿಗೆ ಹೇಳಿ ಏನು ಪ್ರಯೋಜನ ಎಂಬ ನೆಪ ಆ ಕ್ಷಣಕ್ಕೆ ಸರಿಯಾಗಿ ಒದಗಿಬಂತು. ಪೆನ್ನು ತೆಗೆದುಕೊಂಡು, ಅಳತೆ ಎಷ್ಟು ಎಂದು ಕೇಳಿದೆ.