ಬೆಲ್ಲದಚ್ಚು ಅಪಾರ್ಟ್‌ಮೆಂಟಿನ ಮೇಲಿನ ಕಿಟಕಿ

ಇಪ್ಪತ್ತೊಂಬತ್ತನೇ ವಯಸ್ಸಿಗೇ ನಾನು ಅಜ್ಜಿಯಾದೆ. ತಲೆಗೆ ಬಿಳಿ ಕೂದಲಿನ ವಿಗ್ಗು, ಮೂಗಿನ ಮೇಲೆ ಗಾಜಿಲ್ಲದ ಕನ್ನಡಕ, ಹೊಟ್ಟೆಗೆ ಹತ್ತಿ ತುಂಬಿದ ಚೀಲ. ತೊಂಬತ್ತರ ದಶಕದ ಕೊನೆಯಲ್ಲಿ ಟೀವಿಯಲ್ಲಿ ಬರುತ್ತಿದ್ದ ಒಂದು ಮಕ್ಕಳ ಧಾರಾವಾಹಿಯ ತುಂಬ ಇದ್ದದ್ದು ಬೆಲ್ಲದಚ್ಚು ಅಪಾರ್ಟ್‌ಮೆಂಟ್ ಎಂಬ ಒಂದೇ ಕಟ್ಟಡ. ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಕರಡಿ, ನಡುವಿನದರಲ್ಲಿ ಸದಾ ನೆಗಡಿಯಾದ ಕಾಗೆ, ಮೇಲಿನ ಮನೆಯಲ್ಲಿ ಅಜ್ಜಿ. ಕರಡಿ, ಕಾಗೆ ಗೊಂಬೆಗಳು. ಅಜ್ಜಿ ಮಾತ್ರ ಮನುಷ್ಯಳು, ಅಂದರೆ ನಾನು.

ಈ ಕೆಲಸ ಸಿಕ್ಕಿದ್ದು ನನ್ನ ಬಾಯಿಯಿಂದ. ಹಲಸೂರಿನ ನಮ್ಮ ವಠಾರದ ನಲ್ಲಿಯ ಹತ್ತಿರ ಒಂದು ದಿನ ಕೊಡ ಮುಂದೆ ತಳ್ಳಿದವಳ ಮೇಲೆ ನಾನು ಬಾಯಿ ಮಾಡುತ್ತಿದ್ದೆ. ಸಿಟ್ಟು ಬಂದರೆ ನನಗೆ ಕಲಬುರಗಿ ಕಡೆಯ ನನ್ನ ಅಜ್ಜಿಯ ದನಿಯೇ ಬಂದುಬಿಡುತ್ತದೆ. ಆ ಧಾರಾವಾಹಿಯ ನಿರ್ದೇಶಕರು ಪಕ್ಕದ ಬೀದಿಯಲ್ಲೇ ಇದ್ದರು. ನಿಂತು ಪೂರ್ತಿ ಜಗಳ ಕೇಳಿ, ಮುಗಿದ ಮೇಲೆ ಹತ್ತಿರ ಬಂದು, "ಇದೇ ದನೀಲಿ ಮಕ್ಕಳಿಗೆ ಬೈತೀರೇನ್ರೀ?" ಎಂದು ಕೇಳಿದರು. ಬೈದೆ. ಎರಡು ವರ್ಷ ಬೈದೆ. ನನ್ನ ಗಂಡ ಕೆಲಸಕ್ಕಿದ್ದ ಸಣ್ಣ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ನಮ್ಮ ಮನೆ ನಡೆದದ್ದೇ ಆ ಬೈಗುಳದಿಂದ.

ಕಟ್ಟಡ ಇದ್ದದ್ದು ಮಹದೇವಪುರದ ಒಂದು ಹಳೆಯ ಗೋದಾಮಿನೊಳಗೆ. ಟೀವಿಯಲ್ಲಿ ನೋಡಿದವರಿಗೆ ಬಾಲ್ಕನಿ, ತುಳಸಿ ಕುಂಡ, ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತಿದ್ದವು. ಹಿಂದೆ ಹೋಗಿ ನೋಡಿದರೆ ಏನೂ ಇಲ್ಲ. ಒಂದು ಪ್ಲೈವುಡ್ ಗೋಡೆ, ಅದಕ್ಕೆ ಮೂರು ಕಿಟಕಿ, ಆಸರೆಗೆ ಬಿದಿರು. ಮೇಲಿನ ಕಿಟಕಿಗೆ ಹನ್ನೊಂದು ಮೆಟ್ಟಿಲಿನ ನೆಟ್ಟಗಿನ ಏಣಿ. ಅದನ್ನು ಹತ್ತಿ, ಒಂದು ಹಲಗೆಯ ಮೇಲೆ ನಿಂತು, ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಕೆಳಗಿಳಿಸಿ, "ಏ ಕರಡಿ, ಎರಡು ನಿಂಬಿಹಣ್ಣು ಹಾಕೋ" ಅನ್ನುವುದು ನನ್ನ ಕೆಲಸ. ನಾವಿದ್ದದ್ದು ನೆಲಕ್ಕಂಟಿದ ಒಂದೇ ಕೋಣೆಯ ಮನೆಯಲ್ಲಿ. ನನ್ನ ಜೀವನದಲ್ಲಿ ಮಹಡಿ ಅಂತ ಇದ್ದದ್ದು ಇಲ್ಲದ ಆ ಮನೆಗೆ ಮಾತ್ರ.

ಎರಡನೇ ವರ್ಷ ನನಗೆ ಮುಟ್ಟು ನಿಂತಿತು. ಅದಕ್ಕೂ ಮೊದಲು ಎರಡು ಸಲ ನಿಂತಿತ್ತು, ಎರಡು ಸಲವೂ ನಾಲ್ಕನೇ ತಿಂಗಳೊಳಗೆ ಕೈಬಿಟ್ಟುಹೋಗಿತ್ತು. ಶಿವಾಜಿನಗರದ ಡಾಕ್ಟರಮ್ಮ ಚೀಟಿ ಬರೆಯುತ್ತ, "ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಗೊತ್ತಾಯ್ತಾ?" ಎಂದರು. ಗೊತ್ತಾಯ್ತು ಎಂದೆ. ಬಸ್ಸಿನಲ್ಲಿ ಕೂತು ಅತ್ತೆ. ಅಜ್ಜಿ ಬಸುರಿ ಅಂದರೆ ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಬಿಟ್ಟರೆ ಊಟಕ್ಕೇನು, ಬಿಡದಿದ್ದರೆ ಮಗುವಿನ ಗತಿಯೇನು? ಊರಿಂದ ಅತ್ತೆಯ ಫೋನು ಬೇರೆ: "ಐದು ತಿಂಗಳು ತುಂಬೋ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ನೆದರಾಗ್ತದ." ಕೆಟ್ಟ ಕಣ್ಣು ತಾಗೀತು ಅನ್ನುವುದಕ್ಕಿಂತ ನನಗೆ ಏಣಿಯ ಭಯ. ಆದರೂ ಬಾಯಿ ಬಿಡಲಿಲ್ಲ.

ಬಚ್ಚಿಡುವುದಕ್ಕೆ ಅಜ್ಜಿಯೇ ದಾರಿ ಮಾಡಿಕೊಟ್ಟಳು. ಹೊಟ್ಟೆ ಬೆಳೆದ ಹಾಗೆ ಚೀಲದ ಹೊಲಿಗೆ ಬಿಚ್ಚಿ ಒಂದೊಂದು ಹಿಡಿ ಹತ್ತಿ ತೆಗೆದೆ. ಹೊರಗಿನಿಂದ ಅಜ್ಜಿ ಅಷ್ಟೇ ದಪ್ಪ, ಒಳಗೆ ಹತ್ತಿ ಕಡಿಮೆ, ನಾನು ಹೆಚ್ಚು. ತೆಗೆದ ಹತ್ತಿಯನ್ನು ಮನೆಗೆ ತಂದು ಒಂದು ಪುಟ್ಟ ದಿಂಬಿನ ಚೀಲಕ್ಕೆ ತುಂಬುತ್ತಿದ್ದೆ. ಅದು ಯಾರ ದಿಂಬು ಅಂತ ಗಂಡನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮೂರನೇ ತಿಂಗಳ ಕೊನೆಯಲ್ಲಿ ಒಂದು ದಿನ ಇಳಿಯುವಾಗ ಕಾಲು ತಪ್ಪಿತು. ಎರಡೂ ಕೈಯಲ್ಲಿ ಏಣಿ ಹಿಡಿದು ನೇತಾಡಿದೆ. ಸೆರಗು, ವಿಗ್ಗು, ಜೀವ ಮೂರೂ ಬಾಯಿಗೆ ಬಂದವು. ಹೇಗೋ ಕಾಲಿಗೆ ಮೆಟ್ಟಿಲು ಸಿಕ್ಕಿತು. ಕೆಳಗೆ ಬಂದು ಹಿಂದಿನ ಕತ್ತಲಲ್ಲಿ ಹೊಟ್ಟೆ ಹಿಡಿದು ಕೂತೆ. ಯಾರೂ ನೋಡಲಿಲ್ಲ ಅಂದುಕೊಂಡೆ.

ಮಾರನೇ ವಾರದಿಂದ ಬಡಗಿಯ ಕಾಟ ಶುರುವಾಯಿತು. ಆ ಕಟ್ಟಡವನ್ನು ಕಟ್ಟಿದ್ದೇ ಅವರು, ಹಲಸೂರು ಬಜಾರಿನ ಕಡೆಯವರು, ಐವತ್ತು ದಾಟಿದ ತಮಿಳು ಮನುಷ್ಯ, ಮಾತು ಕಡಿಮೆ. ನಾನು ಏಣಿಗೆ ಕಾಲಿಟ್ಟರೆ ಸಾಕು, ಎಲ್ಲಿದ್ದರೂ ಬಂದು ಕೆಳಗೆ ಏಣಿ ಹಿಡಿದು ನಿಲ್ಲುವರು. ಮುಖ ಮೇಲೆ. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಮೂರನೇ ದಿನ ಅರ್ಧ ಏಣಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೇಳಿಯೇಬಿಟ್ಟೆ: "ಏನ್ರೀ, ದಿನಾ ಕೆಳಗ್ ನಿಂತು ಏನ್ ನೋಡ್ತೀರಾ? ಮನೇಲಿ ಹೆಂಡ್ತಿ ಮಕ್ಳಿಲ್ವಾ?"

ಅವರ ಮುಖ ಕಪ್ಪಿಟ್ಟಿತು. "ಅಯ್ಯೋ, ಇಲ್ಲಮ್ಮ" ಎಂದು ಕೈಬಿಟ್ಟು ಹೊರಗೆ ಹೋದರು. ಬುದ್ಧಿ ಬಂತು ಅಂದುಕೊಂಡೆ.

ಮುಂದಿನ ಶೂಟಿಂಗಿಗೆ ಹೋದರೆ ಏಣಿ ಇಲ್ಲ. ಅದರ ಜಾಗದಲ್ಲಿ ಅಗಲ ಹಲಗೆಯ ಮೆಟ್ಟಿಲು, ಎರಡೂ ಕಡೆ ಕಟಾಂಜನ, ಜಾರದ ಹಾಗೆ ಪ್ರತಿ ಮೆಟ್ಟಿಲಿಗೂ ತೆಂಗಿನ ನಾರಿನ ಚಾಪೆ. ಬಡಗಿ ನನ್ನ ಕಡೆ ನೋಡಲೂ ಇಲ್ಲ. ಏಣಿ ಹಳೆಯದಾಗಿರಬೇಕು ಎಂದುಕೊಂಡು ಕಟಾಂಜನ ಹಿಡಿದು ಹತ್ತಿದೆ. ಎಂಥ ಪೆದ್ದಿ ನಾನು! ಏಣಿ ಹೋಗಿ ಮೆಟ್ಟಿಲು ಬಂದದ್ದು ಆರಾಮವೇ, ಆದರೂ ಮಹಡಿ ಮಹಡಿಯೇ. ಒಂದೊಂದು ಮೆಟ್ಟಿಲಿಗೂ ನಮ್ಮ ಕಡೆಯ ಒಂದೊಂದು ದೇವರ ಹೆಸರು ಹೇಳುತ್ತಿದ್ದೆ.

ನಾಲ್ಕು ದಾಟಿತು, ಐದು ದಾಟಿತು. ಏಳನೇ ತಿಂಗಳಿಗೆ ಚೀಲದಲ್ಲಿ ಒಂದೆಳೆ ಹತ್ತಿಯೂ ಉಳಿದಿರಲಿಲ್ಲ. ಅತ್ತೆ ರೈಲು ಹತ್ತಿ ಬಂದರು, ಕುಬುಸ ಮಾಡಲಿಕ್ಕೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ ಅದು. ನಮ್ಮ ಒಂದೇ ಕೋಣೆಯಲ್ಲಿ ವಠಾರದ ಹೆಂಗಸರನ್ನೆಲ್ಲ ಕೂರಿಸಿ ಮಾಡಿದರು. ನಲ್ಲಿಯ ಹತ್ತಿರ ನನ್ನಿಂದ ಬೈಸಿಕೊಂಡವಳೇ ಆರತಿ ಎತ್ತಿದಳು. ಎರಡೂ ಕೈತುಂಬ ಗಾಜಿನ ಬಳೆ. "ಹಡಿಯೋ ತನಕ ಕೈಯಾಗ ಇರಬೇಕು. ತೆಗೆದಿ ಅಂದ್ರ ನೋಡು, ನಾ ಊರಿಗಿ ಹೋಗಂಗಿಲ್ಲ" ಎಂದರು ಅತ್ತೆ. ಬೆದರಿಕೆ ಸಣ್ಣದಲ್ಲ.

ಮರುದಿನ ಶೂಟಿಂಗು. ಬಳೆಯ ಮೇಲೆ ಉದ್ದ ತೋಳಿನ ಸ್ವೆಟರು ಎಳೆದುಕೊಂಡು ಹತ್ತಿದೆ. ಬುಟ್ಟಿ ಇಳಿಸಿದೆ. ಝಲ್ ಅಂದಿತು. ಸೌಂಡಿನವನು ಕೈ ಎತ್ತಿದ: "ಸಾರ್, ಏನೋ ಸೌಂಡು." ಮತ್ತೆ ಇಳಿಸಿದೆ. ಮತ್ತೆ ಝಲ್. ಮೂರನೇ ಸಲಕ್ಕೆ ನಿರ್ದೇಶಕರೇ ಕಿಟಕಿಯ ಕೆಳಗೆ ಬಂದರು. "ಬಳೆ ಹಾಕ್ಕೊಂಡಿದೀರಾ? ತೆಗೀರಿ, ಬೇಗ."

"ಆಗಲ್ಲ ಸಾರ್."

"ಏನಮ್ಮಾ ಆಗಲ್ಲ ಅಂದ್ರೆ? ಹತ್ತು ಜನ ಕಾಯ್ತಿದಾರೆ, ತೆಗೀರೀ!"

ಅಷ್ಟು ತಿಂಗಳ ಭಯ, ಸಿಟ್ಟು, ನಿದ್ದೆಗೆಟ್ಟ ಕಣ್ಣು ಎಲ್ಲ ಸೇರಿ ಅಜ್ಜಿಯ ದನಿಯಲ್ಲೇ ಹೊರಗೆ ಬಂತು. ಕಿಟಕಿಯಿಂದ ಅರ್ಧ ಬಾಗಿ, ಸ್ವೆಟರಿನ ತೋಳು ಮೇಲೆಳೆದು ಕೂಗಿದೆ: "ತೆಗಿಯಂಗಿಲ್ರೀ! ನಾ ಬಸುರಿ ಅದೀನಿ, ಬಸುರಿ! ಏಳು ತಿಂಗಳು! ಏನ್ ಮಾಡ್ತೀರಿ ಮಾಡ್ರಿ!"

ಕಾಗೆಯ ಕೊಕ್ಕು ತೆರೆದದ್ದು ತೆರೆದೇ ಇತ್ತು. ಕರಡಿ ಆಡಿಸುವ ಹುಡುಗ ಗೊಂಬೆಯ ಸಮೇತ ಎದ್ದು ನಿಂತು "ಲೋ ಗುರೂ, ಅಜ್ಜಿಗೆ ಮಗು" ಎಂದ. ಕೆಲಸ ಹೋಯಿತು, ಇನ್ನೇನು, ಅಂತ ನಾನು ಆಗಲೇ ವಿಗ್ಗು ಕೀಳುತ್ತಿದ್ದೆ.

"ಅಜ್ಜೀ," ಎಂದರು ನಿರ್ದೇಶಕರು, ದನಿಯೇ ಬೇರೆಯಾಗಿತ್ತು. "ಮೊದ್ಲು ಕೆಳಗಿಳೀರಿ. ನಿಧಾನಕ್ಕೆ. ಕಟಾಂಜನ ಹಿಡ್ಕೊಂಡು." ಇಳಿದು ಬಂದವಳಿಗೆ ಕುರ್ಚಿ ಹಾಕಿಸಿದರು. "ಟೀವಿ ನೋಡೋ ಮಕ್ಕಳೆಲ್ಲ ಕಾಗದ ಬರೀತಾನೇ ಇದಾವೆ, ಅಜ್ಜಿ ಯಾಕೆ ಕೆಳಗೇ ಬರಲ್ಲ ಅಂತ. ಬರ್ಲಿ ಬಿಡಿ. ಅಜ್ಜಿ ಮನೆ ಚೇಂಜ್ ಮಾಡ್ಲಿ." ಆಮೇಲೆ ಬಡಗಿಯ ಕಡೆ ತಿರುಗಿ, "ಕೂತ್ಕೊಂಡೇ ಮಾತಾಡೋ ಹಾಗೆ ಕೆಳಗೊಂದು ಕಿಟಕಿ ಬೇಕು. ಎಷ್ಟು ದಿನ ಆಗುತ್ತೆ?" ಎಂದರು.

ಬಡಗಿ ತಲೆ ಕೆರೆದುಕೊಂಡರು. ಮೂಲೆಗೆ ಹೋಗಿ ಒಂದು ಟಾರ್ಪಾಲು ಸರಿಸಿದರು. ಹಿಂದೆ ಹೊಸ ಕಿಟಕಿ ಸಿದ್ಧವಾಗಿ ನಿಂತಿತ್ತು. ಕೂತವರ ಎದೆಮಟ್ಟಕ್ಕೆ ಬರುವ ಚೌಕಟ್ಟು, ಕೆಳಗೆ ಹೊಟ್ಟೆ ಮುಚ್ಚುವಷ್ಟು ಅಗಲದ ಹಲಗೆ, ಬಣ್ಣ ಕೂಡ ಒಣಗಿತ್ತು.

"ಮಾಡಿ ಒಂದು ತಿಂಗ್ಳಾಯ್ತು ಸಾರ್" ಎಂದರು. "ಅವತ್ತು ಏಣೀಲಿ ನೇತಾಡಿದ್ದು ನೋಡ್ದೆ. ಕೆಳಗ್ ಬಂದು ಹೊಟ್ಟೆ ಹಿಡ್ಕೊಂಡು ಕೂತ್ರು. ಮನೇಲಿ ಮೂರು ಹೆಣ್ಮಕ್ಳು ನಂಗೆ, ಗೊತ್ತಾಗಲ್ವಾ? ಅವರೇ ಹೇಳದೆ ಇರೋದನ್ನ ನಾನ್ ಹೆಂಗೆ ಹೇಳೋದು?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ ನನ್ನದು. ಅವರು ಏಣಿಯ ಕೆಳಗೆ ಏನು ನೋಡುತ್ತ ನಿಲ್ಲುತ್ತಿದ್ದರು ಎಂಬುದು ಆ ಕುರ್ಚಿಯಲ್ಲಿ ಕೂತಾಗ ನನಗೆ ತಿಳಿಯಿತು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಅಷ್ಟು ಬಾಯಿಯವಳಿಗೆ!

ಮುಂದಿನ ಕಂತಿನಲ್ಲಿ ಅಜ್ಜಿ ಮನೆ ಬದಲಾಯಿಸಿದಳು. ಕರಡಿ ತನ್ನ ಹೊಲಿಗೆ ಯಂತ್ರ ಹೊತ್ತು ಮೇಲಿನ ಮನೆಗೆ ಹೋಯಿತು, ಅದನ್ನು ಆಡಿಸುವ ಹುಡುಗ ದಿನವಿಡೀ ಗೊಣಗಿದ. ಬಡಗಿ ಹಟ ಹಿಡಿದು ನಿಜವಾದ ಸ್ಟೋವು ತಂದು ಹೊಸ ಕಿಟಕಿಯ ಹಿಂದೆ ಹಾಲುಕ್ಕಿಸಿದರು. ಪ್ಲೈವುಡ್ ಮನೆಯಾದರೂ ಮನೆಯೇ ಅಲ್ಲವಾ, ಎಂದರು. ಬಳೆಯ ಸದ್ದೂ ಉಳಿಯಿತು. ಕರಡಿ "ಯಾಕಜ್ಜಿ ಹಸಿರು ಬಳೆ?" ಎಂದರೆ "ನನಗ ಮೊಮ್ಮಗು ಬರ್ಲಿಕತ್ತದೋ" ಅನ್ನುವ ಮಾತು ಸೇರಿಸಿದರು. ಒಂಬತ್ತನೇ ತಿಂಗಳ ಮೊದಲ ವಾರದವರೆಗೂ ಆ ಕಿಟಕಿಯ ಹಿಂದೆ ಕೂತು ಮಕ್ಕಳಿಗೆ ಬೈದೆ.

ಹೆಣ್ಣು ಮಗು. ತಿಂಗಳು ತುಂಬಿ, ಗಟ್ಟಿಯಾಗಿ ಅಳುತ್ತ ಬಂತು. ಹದಿನೈದು ದಿನ ಕಳೆದ ಮೇಲೆ ಬಡಗಿ ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದರು. ಆಕೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು, ತಲೆಯ ಕೆಳಗೆ ನನ್ನ ಹತ್ತಿಯ ದಿಂಬು. ನಾನು ಎದ್ದು ಕೂತು ಹೇಳಿದೆ: "ಅವತ್ತು ಏನೇನೋ ಅಂದ್ಬಿಟ್ಟೆ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

"ನೀವ್ ಬೈದಿದ್ದೇ ಒಳ್ಳೇದಾಯ್ತಮ್ಮ" ಎಂದರು ಅವರು. "ಬೈಯದೆ ಇದ್ದಿದ್ರೆ ಏಣಿ ಹಿಡ್ಕೊಂಡೇ ನಿಂತಿರ್ತಿದ್ದೆ. ಮೆಟ್ಲು ಕಟ್ಬೇಕು ಅಂತ ತಲೆಗೇ ಹೊಳೀತಿರ್ಲಿಲ್ಲ."

ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರ ಹೆಂಡತಿ "ನೀನು ಮಲ್ಕೋಮ್ಮ, ನಾನು ನೋಡ್ಕೋತೀನಿ" ಎಂದರು. ಮಗು ಅವರ ತೊಡೆಯ ಮೇಲೆ ಉಸಿರಾಡುವುದನ್ನು ನೋಡುತ್ತ ನೋಡುತ್ತ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ನಾನು ಹೊಟ್ಟೆಯ ಮೇಲಿನ ಕೈ ತೆಗೆದು ಮೈಮರೆತು ನಿದ್ದೆ ಮಾಡಿದೆ.